ಲಾರಿಯ ದೇವರು, ಸಾಬವ್ವನ ಡಬ್ಬಿ

ಆ ದಿನ ಪೆಟ್ರೋಲ್ ಪಂಪಿನ ಮುಂದೆ ನಾವು ನಾಲ್ವರಿದ್ದೆವು. ಕೈಯಲ್ಲಿ ಸುಣ್ಣದ ಬುಟ್ಟಿ ಹಿಡಿದ ನಾನು. ಗೆರೆ ಎಲ್ಲಿಂದ ಎಲ್ಲಿಗೆ ಬೀಳಬೇಕೆಂದು ಕೊಡೆಯ ತುದಿಯಿಂದ ನೆಲ ತೋರಿಸುತ್ತಿದ್ದ ಪಂಪಿನ ಮಾಲೀಕರು; ಅವರನ್ನು ಊರೆಲ್ಲ ಸಾಹುಕಾರರೆಂದೇ ಕರೆಯುತ್ತಿತ್ತು. ಬೇವಿನ ಗಿಡದ ಕೆಳಗೆ ತನ್ನ ತಗಡಿನ ಚಾದಂಗಡಿಯಲ್ಲಿ ಭಜಿ ಕರಿಯುತ್ತ, ತಲೆ ಎತ್ತದೆಯೇ ಎಲ್ಲವನ್ನೂ ನೋಡುತ್ತಿದ್ದ ಸಾಬವ್ವ. ಮತ್ತು ಇದ್ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಬಸಿಯಲ್ಲಿ ಚಾ ಹೀರುತ್ತ ಕುಳಿತ ಡ್ರೈವರ್ ಮೌಲಾಲಿ. ಸಂಬಂಧ ಇದ್ದದ್ದು ಅವನದೇ ಲಾರಿಗೆ. ಅದು ಅರ್ಧ ಪಂಪಿನೊಳಗೆ, ಅರ್ಧ ರಸ್ತೆಯ ಮೇಲೆ, ಒಳಗೆ ಹೋಗಲೋ ಹೊರಗೆ ಬರಲೋ ಎಂದು ತಿಳಿಯದೆ ಹೊಸ ಅಳಿಯನಂತೆ ನಿಂತಿತ್ತು.

"ಏನ್ರಿ ಸಾವ್ಕಾರ್ರ, ರಂಗೋಲಿ ಹಾಕಸಾಕತ್ತೀರಿ. ಹಬ್ಬ ಏನರ ಅದ ಏನು?" ಎಂದು ಸಾಬವ್ವ ಕೇಳಿದಳು.

"ಹಬ್ಬ ಅಲ್ಲ ಸಾಬವ್ವ. ಈ ಗೆರಿ ಒಳಗ ಇನ್ನ ಬೆಂಕಿ ಇರಂಗಿಲ್ಲ, ಅಂಗಡಿ ಇರಂಗಿಲ್ಲ, ಈ ಗಿಡಾನೂ ಇರಂಗಿಲ್ಲ. ದೊಡ್ಡ ಗಾಡಿ ತಿರುಗಬೇಕು."

"ಗೆರಿ ಒಳಗ ನಾನೂ ಅದೀನಲ್ರಿ."

"ಅದಕ್ಕ ಹೇಳಾಕತ್ತೀನಿ. ಹೊಸ ಕಾಲುವಿಗೆ ನೀರ ಬಿಟ್ರ ಗಾಡಿ ಇನ್ನ ಹೆಚ್ಚಾಗ್ತಾವ. ಅದರೊಳಗ ಜಾಗ ಖಾಲಿ ಮಾಡು."

ಮೌಲಾಲಿ ಬಸಿ ಕೆಳಗಿಟ್ಟ. "ಅವ್ವಾ, ನೀ ಆರಾಮ ಇರು. ಆ ಕಾಲುವಿಗೆ ಕಲ್ಲಿನ ಲೋಡ ಹೊಡದೂ ಹೊಡದೂ ನನ್ನ ಗಡ್ಡ ಬೆಳ್ಳಗಾತು. ನೀರ ಇನ್ನ ಕಾಗದದಾಗ ಹರಿಯಾಕತ್ತದ."

ನಾವೆಲ್ಲ ನಕ್ಕೆವು. ಸಾಬವ್ವನೂ ನಕ್ಕಳು. ಆದರೆ ಅವಳ ಕೈಯ ಜಾಲರಿ ಎಣ್ಣೆಯಲ್ಲಿ ಹಾಗೇ ನಿಂತುಬಿಟ್ಟಿತ್ತು, ಆ ಬಾಣಲೆಯ ಭಜಿ ಕರ್ರಗಾಯಿತು. ಅವಳ ಗಂಡ ಅದೇ ಕಾಲುವೆಯ ಕೆಲಸಕ್ಕೆ ಹೋಗಿ, ಬಂಡೆ ಸಿಡಿದಾಗ ಒಂದು ಕಣ್ಣು ಕೊಟ್ಟು ಬಂದು ಮನೆಯಲ್ಲಿ ಕುಳಿತಿದ್ದ. ಮನೆಯ ಒಲೆ ಉರಿಯಬೇಕಾದರೆ ಈ ಗಿಡದ ಕೆಳಗಿನ ಒಲೆ ಉರಿಯಬೇಕಿತ್ತು. ಅದು ಸಾಹುಕಾರರಿಗೂ ಗೊತ್ತಿತ್ತು. ಅವರು ಕೆಟ್ಟವರಲ್ಲ, ದೊಡ್ಡ ಗಾಡಿಗಳ ಹುಚ್ಚು ಹಿಡಿದ ಒಳ್ಳೆಯವರು. ಈ ಕಸುಬಿನಲ್ಲಿ ಅಂಥವರೇ ಹೆಚ್ಚು ಕಷ್ಟ.

ಈಗ ಪಂಪಿನ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ನನ್ನನ್ನು ಕೇಳುವುದುಂಟು: "ಅಜ್ಜಾ, ನಿಮ್ಮ ಕಾಲದಾಗ ಏನ ಇತ್ತು ಕೆಲಸ? ಪೈಪ್ ಹಿಡಿಯೋದು, ಬಿಡೋದು." ಹೌದು, ಅಷ್ಟೇ. ಆದರೆ ಹಿಡಿಯುವ ಮತ್ತು ಬಿಡುವ ನಡುವೆ ಏನೇನು ನಡೆಯುತ್ತಿತ್ತು ಎಂಬುದನ್ನು ಬರೆದಿಡುತ್ತೇನೆ. ನೀವು ಓದಿದರೆ ಓದಿ, ಇಲ್ಲವಾದರೆ ಗಾಡಿಯ ಗಾಜು ಒರೆಸಲು ಈ ಹಾಳೆ ಬಂದೀತು.

ನಮ್ಮ ಪಂಪು ಶಹಾಪುರ ದಾಟಿದ ಮೇಲೆ ಸುರಪುರದ ರಸ್ತೆಗೆ ಹತ್ತಿಕೊಂಡಿತ್ತು. ಕಟ್ಟಿದಾಗ ಈ ಸೀಮೆಯಲ್ಲಿ ದೊಡ್ಡ ಗಾಡಿ ಎಂದರೆ ಸರ್ಕಾರಿ ಬಸ್ಸು. ಅದಕ್ಕೆ ಅದರ ಡಿಪೋದಲ್ಲೇ ಎಣ್ಣೆ. ನಮಗೆ ಬರುತ್ತಿದ್ದವು ಜೀಪು, ಮೋಟಾರ್ ಸೈಕಲ್ಲು, ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್ಟರು. ಕೈಯಲ್ಲಿ ಸೀಸೆ ಹಿಡಿದು ಕಂದೀಲಿಗೆ ಸೀಮೆಎಣ್ಣೆ ಕೇಳಿಕೊಂಡು ಮುದುಕಿಯರೂ ಬರುತ್ತಿದ್ದರು. "ಅದು ಇಲ್ಲಿ ಸಿಗಂಗಿಲ್ಲಬೇ" ಎಂದರೆ, "ಇಷ್ಟು ದೊಡ್ಡ ಅಂಗಡಿ ಹಾಕೀರಿ, ಬೇಕಾದ್ದೇ ಇಟ್ಟಿಲ್ಲ" ಎಂದು ಬೈದು ಹೋಗುತ್ತಿದ್ದರು. ಒಂದು ಪೆಟ್ರೋಲಿನ ಯಂತ್ರ, ಒಂದು ಡೀಸೆಲಿನ ಯಂತ್ರ, ನಡುವೆ ಎತ್ತಿನ ಗಾಡಿ ಹಾಯುವಷ್ಟು ಜಾಗ. ರಸ್ತೆಯ ಅಂಚಿಗೆ, ಯಂತ್ರಗಳಿಂದ ಸಾಕಷ್ಟು ದೂರಕ್ಕೆ, ಆ ಬೇವಿನ ಗಿಡ. ಗಿಡ ಪಂಪಿಗಿಂತ ಹಳೆಯದು. ಸಾಬವ್ವನ ಅಂಗಡಿಯೂ ಪಂಪಿಗಿಂತ ಹಳೆಯದು.

ಕಾಲುವೆಯ ನೀರು ಬರುವ ಎಷ್ಟೋ ಮೊದಲು ಕಾಲುವೆಯ ಲಾರಿಗಳು ಬಂದವು. ಭೀಮರಾಯನಗುಡಿಯ ಕಾಲುವೆ ಕ್ಯಾಂಪಿಗೆ ಸಿಮೆಂಟು, ಕಾಲುವೆಯ ದಂಡೆಗೆ ಕಲ್ಲು, ಮೊರಂ ಮಣ್ಣು, ಕಬ್ಬಿಣ. ಊರಿಗೆ ಬಂದಾಕಿ ನೀರಿಗೆ ಬರದೆ ಇರ್ತಾಳೇನು ಎಂದು ನಮ್ಮಜ್ಜಿ ಅನ್ನುತ್ತಿದ್ದಳು. ಹಾಗೇ ರಸ್ತೆಗೆ ಬಂದ ಲಾರಿ ಎಣ್ಣೆಗೆ ಬಾರದೆ ಇದ್ದೀತೆ? ಬಂದವು. ಬಂದಮೇಲೆ ತಿಳಿಯಿತು, ನಮ್ಮದು ಲಾರಿಗಾಗಿ ಕಟ್ಟಿದ ಪಂಪೇ ಅಲ್ಲ ಎಂದು.

ಒಂದು ಲಾರಿಗೆ ಎಣ್ಣೆಯ ಟಾಕಿ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಮಾಡಿದವರ ಮನಸ್ಸಿಗೆ ಬಂದಂತೆ. ನಮ್ಮ ಪೈಪೋ ಬಡವನ ಪಂಚೆಯಂತೆ, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಾಲದು. ಟಾಕಿ ಆ ಕಡೆಗಿದ್ದರೆ ಲಾರಿ ಹೊರಗೆ ಹೋಗಿ ತಿರುಗಿ ಬರಬೇಕು. ತಿರುಗಲು ಇದ್ದ ಜಾಗ ಒಂದೇ, ಬೇವಿನ ಗಿಡದ ಸುತ್ತ. ಡ್ರೈವರು ಹಲ್ಲು ಕಚ್ಚಿ ಸ್ಟೇರಿಂಗ್ ತಿರುವುತ್ತಿದ್ದ. ಸಾಬವ್ವ ಒಂದು ಕೈಯಲ್ಲಿ ಎಣ್ಣೆಯ ಬಾಣಲೆ ಹಿಡಿದು, ಇನ್ನೊಂದು ಕೈಯಿಂದ "ಬಾ, ಬಾ, ಇನ್ನ ಬಾ, ಸಾಕು, ನನ್ನ ಮೈಮ್ಯಾಲ ಬರ್ತೀ ಏನು" ಎಂದು ದಾರಿ ತೋರಿಸುತ್ತಿದ್ದಳು. ಇನ್ನು ಕರೆಂಟು ಹೋದರೆ ಯಂತ್ರಕ್ಕೆ ಹ್ಯಾಂಡಲು ಸಿಕ್ಕಿಸಿ ಕೈಯಿಂದ ತಿರುವಬೇಕು. ಮೋಟಾರ್ ಸೈಕಲ್ಲಿಗಾದರೆ ಅದು ಆಟ. ಲಾರಿಯ ಟಾಕಿಗಾದರೆ, ಬೀಸುಕಲ್ಲಿನ ಮುಂದೆ ಕೂತ ನಮ್ಮಜ್ಜಿಯ ಹಾಡುಗಳೆಲ್ಲ ನನಗೆ ನೆನಪಾಗುತ್ತಿದ್ದವು. ಅಷ್ಟು ತಿರುವಿದ ಮೇಲೆ ಡ್ರೈವರು ಇಳಿದು ಬಂದು, ಯಂತ್ರದ ಮುಳ್ಳು ನೋಡದೆ, ಟಾಕಿಯೊಳಗೆ ತನ್ನ ಬಿದಿರ ಕೋಲು ಅದ್ದಿ ನೋಡುತ್ತಿದ್ದ. ಯಂತ್ರ ಸುಳ್ಳು ಹೇಳೀತು, ಕೋಲು ಹೇಳದು ಎಂದು ಅವರ ನಂಬಿಕೆ. ಕೋಲಿಗೆ ಗುರುತು ಕೊರೆದವನೂ ಅವನೇ ಎಂಬುದು ಬೇರೆ ಮಾತು.

ಇವೆಲ್ಲ ಸಣ್ಣ ತೊಂದರೆಗಳು. ದೊಡ್ಡ ತೊಂದರೆ ದೇವರದು.

ಲಾರಿಯ ಡ್ರೈವರು ಮುಂಜಾನೆ ಗಾಡಿ ಹತ್ತಿದ ಕೂಡಲೇ ಎದುರಿನ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚುತ್ತಾನೆ. ಹಚ್ಚಿದ ಕಡ್ಡಿ ತಾನೇ ಉರಿದು ತೀರಬೇಕು, ನಂದಿಸಬಾರದು. ನಂದಿಸಿದರೆ ಘಾಟಿನಲ್ಲಿ ಬ್ರೇಕು ನಂದುತ್ತದೆ ಎಂದು ಎಲ್ಲರ ನಂಬಿಕೆ. ಪಂಪಿನ ಗೋಡೆಯ ಮೇಲೋ, 'ಬೆಂಕಿ ನಿಷೇಧಿಸಿದೆ' ಎಂದು ಆಳೆತ್ತರದ ಅಕ್ಷರ. ಬರೆಸಿದವರು ಸಾಹುಕಾರರು, ಕಾಯಬೇಕಾದವನು ನಾನು. ಬೀಡಿ ಸೇದುವವನಿಗೆ "ಏ, ಹೊರಗ ಹೋಗಿ ಸೇದೋ" ಅನ್ನಬಹುದು. ದೇವರಿಗೆ ಏನನ್ನುವುದು?

ಮೊದಲ ಸಲ ಈ ಜಗಳ ಆದದ್ದು ಮೌಲಾಲಿಯ ಜೊತೆಗೇ. ಅವನ ಗಾಡಿಯಲ್ಲಿ ಒಂದೇ ಚೌಕಟ್ಟಿನೊಳಗೆ ದರ್ಗಾದ ಪಟವೂ ತಿಂಥಣಿ ಮೋನಪ್ಪನ ಪಟವೂ ಇದ್ದವು. ಇಬ್ಬರಿಗೂ ಸೇರಿ ಒಂದೇ ಕಡ್ಡಿ.

"ಮೌಲಾಲಿ, ಕಡ್ಡಿ ಆರಸು," ಎಂದೆ.

"ಮಲ್ಲಪ್ಪಣ್ಣ, ನಾ ಆರಸಂಗಿಲ್ಲ. ನಿನಗ ಧೈರ್ಯ ಇದ್ರ ನೀ ಆರಸು. ಇಬ್ರೂ ನೋಡಾಕತ್ತಾರ."

ನಾನು ಪಟ ನೋಡಿದೆ. ಇಬ್ಬರೂ ನೋಡುತ್ತಿದ್ದರು. ನನಗೆ ಧೈರ್ಯ ಬರಲಿಲ್ಲ.

ಆಗ ಸಾಬವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಗಂಡಸ್ರು ಇಬ್ರು ಒಂದ ಕಡ್ಡಿಗೆ ಹೆದರಿ ನಿಂತಾರ ನೋಡು," ಎಂದು ಕೈ ಚಾಚಿದಳು. "ತಾ ಇಲ್ಲಿ. ನನ್ನ ಹಂತ್ಯಾಕ ಇರ್ತದ. ಎಣ್ಣಿ ಹಾಕಸ್ಕೊಂಡು ಬಾ, ತಗೊಂಡು ಹೋಗು." ಚಾಪುಡಿಯ ಹಳೆಯ ಡಬ್ಬಿಯೊಂದಕ್ಕೆ ಉಸುಕು ತುಂಬಿ, ಗಿಡದ ಬುಡದಲ್ಲಿಟ್ಟು, ಉರಿಯುವ ಕಡ್ಡಿಯನ್ನು ಅದರಲ್ಲಿ ಚುಚ್ಚಿದಳು. ಮೌಲಾಲಿ ಎಣ್ಣೆ ಹಾಕಿಸಿಕೊಂಡು ಬಂದ, ಕಡ್ಡಿ ತೆಗೆದುಕೊಂಡ, ಕೈಯಲ್ಲಿ ಕಡ್ಡಿ ಹಿಡಿದವನಿಗೆ ಚಾ ಬೇಡ ಅನ್ನಲಾಗಲಿಲ್ಲ.

ಅಂದಿನಿಂದ ಅದೇ ಪದ್ಧತಿಯಾಯಿತು. ರಸ್ತೆಯಿಂದ ಬಂದ ಲಾರಿ ಮೊದಲು ಗಿಡದ ಹತ್ತಿರ ನಿಲ್ಲಬೇಕು. ಡ್ರೈವರು ಇಳಿದು ದೇವರನ್ನು ಸಾಬವ್ವನಿಗೆ ಒಪ್ಪಿಸಬೇಕು. ಇಳಿದವನು ಹೇಗೂ ಒಮ್ಮೆ ಸುತ್ತ ನೋಡುತ್ತಾನೆ: ಜಾಗ ಎಷ್ಟಿದೆ, ಹೇರು ಎಷ್ಟು ಎತ್ತರ, ಯಾವ ಕಡೆಯಿಂದ ಹೋಗಬೇಕು. ಆಮೇಲೆ ನನ್ನ ಹತ್ತಿರ. ಡಬ್ಬಿಯಲ್ಲಿ ಒಮ್ಮೊಮ್ಮೆ ಐದಾರು ಕಡ್ಡಿ. ಯಾವುದು ಯಾರದೆಂದು ಸಾಬವ್ವ ಎಂದೂ ತಪ್ಪಲಿಲ್ಲ. ತಪ್ಪಿದ್ದರೂ ನಮಗೆ ತಿಳಿಯುತ್ತಿರಲಿಲ್ಲ ಅನ್ನಿ. ಹೊಗೆಗೇನು ಹೆಸರು ಬರೆದಿರುತ್ತದೆಯೇ? ಬೀಡಿಯನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. "ನನ್ನ ಡಬ್ಬಿ ದೇವರಿಗಿ. ನಿನ್ನ ಎಂಜಲ ಕಾಯಾಕ ನಾ ನಿಮ್ಮವ್ವ ಅಲ್ಲ," ಎಂದು ಓಡಿಸುತ್ತಿದ್ದಳು.

ಹೀಗೆ, ಬೆಂಕಿಯನ್ನು ಪಂಪಿನೊಳಗೆ ಬಿಡದೆ ಕಾಯುತ್ತಿದ್ದವಳು ಸಾಬವ್ವ. ಬೆಂಕಿಯ ಕಾರಣಕ್ಕೆ ಜಾಗ ಬಿಡಬೇಕಾದವಳೂ ಸಾಬವ್ವ. ಎಣ್ಣೆ ಕಂಪನಿಯ ನಿಯಮಕ್ಕೆ ಗೆರೆ ಗಿಡದಿಂದ ಈಚೆ, ಯಂತ್ರದ ಕಡೆಗೆ ಬಿದ್ದರೂ ಸಾಕಿತ್ತು. ಸಾಹುಕಾರರ ಕೊಡೆ ಗಿಡವನ್ನೂ ಸುತ್ತಿಕೊಂಡು ರಸ್ತೆಯವರೆಗೆ ಹೋಯಿತು. ನಾನು ಕೊಡೆಯ ಹಿಂದೆ ಸುಣ್ಣ ಉದುರಿಸುತ್ತ ಹೋದೆ. ಮಾಸಿದಾಗಲೆಲ್ಲ ಮತ್ತೆ ಹಚ್ಚುವ ಕೆಲಸವೂ ನನಗೇ ಬಿತ್ತು.

ಗೆರೆ ಎಳೆದ ಮೇಲೆ ಸಾಬವ್ವ ಬಂದವರನ್ನೆಲ್ಲ ಒಂದೇ ಮಾತು ಕೇಳತೊಡಗಿದಳು: "ನೀರ ಯಾವಾಗ ಬಿಡ್ತಾರಂತ್ರಿ?" ಸುತ್ತಲ ಊರಿನವರೆಲ್ಲ ಅದೇ ಮಾತು ಕೇಳುತ್ತಿದ್ದರು, ಆದರೆ ಬೇಗ ಬರಲಿ ಎಂದು. ಇವಳೊಬ್ಬಳು ತಡವಾಗಲಿ ಎಂದು. ಕ್ಯಾಂಪಿನ ಜೀಪಿನವರು "ಈ ಸಲ ಪಕ್ಕಾ" ಎಂದಾಗ ಬೇರೆಯವರು ನಂಬುತ್ತಿರಲಿಲ್ಲ, ಸಾಬವ್ವ ನಂಬಿ ನಡುಗುತ್ತಿದ್ದಳು.

ಆ ನಡುವೆ ಗಿಡ ಕಡಿಯುವ ಹಣಮಂತ ಕೊಡಲಿ ಹೊತ್ತು ಬಂದ. ಗಿಡವನ್ನು ಒಂದು ಸುತ್ತು ಹಾಕಿ ನೋಡಿದ. ಇಷ್ಟು ದಿನ ಊದಿನಕಡ್ಡಿಯ ಹೊಗೆ ಹತ್ತಿ ಬುಡ ಕರ್ರಗಾಗಿತ್ತು. ಯಾವನೋ ಡ್ರೈವರು ಕುಂಕುಮ ಬಳಿದಿದ್ದ, ಇನ್ನೊಬ್ಬ ಒಂದು ಗಂಟೆ ಕಟ್ಟಿದ್ದ, ಅಮಾವಾಸ್ಯೆಗೆ ಕಾಯಿ ಒಡೆದ ಚಿಪ್ಪುಗಳು ಬಿದ್ದಿದ್ದವು. ಹಣಮಂತ ಕೊಡಲಿ ಕೆಳಗಿಟ್ಟು ಕೈಮುಗಿದ.

"ಸಾವ್ಕಾರ್ರ, ಇದು ಗಿಡ ಅಲ್ರಿ, ಗುಡಿ. ನನ್ನ ಕೊಡ್ಲಿ ಏಳಂಗಿಲ್ಲ."

"ಏ, ನಿನ್ನೆ ಮೊನ್ನಿ ತನಕ ಗಿಡ ಇತ್ತಲ್ಲೋ."

"ನಿನ್ನಿ ಕರದಿದ್ರ ನಿನ್ನೇ ಕಡೀತಿದ್ದೆ. ಈಗ ದೇವರು ಕುಂತಾನ. ನೀವ ಕಡೀರಿ, ನಾ ಹೊರ್ತೀನಿ."

ಸಾಹುಕಾರರು ದೈವಭಕ್ತರು. ಅವರೂ ಕೈಮುಗಿದರು. ಗಿಡ ಉಳಿಯಿತು. ಆದರೆ ಆ ಕೈ ಇಳಿಸುವಷ್ಟರಲ್ಲಿ ಅವರಿಗೊಂದು ವಿಚಾರ ಹೊಳೆಯಿತು: ದೇವರು ಕುಳಿತ ಜಾಗದಲ್ಲಿ ಭಜಿ ಕರಿಯುವುದು ಛಲೋ ಅಲ್ಲ. ಮೊದಲು ಸಾಬವ್ವ ಲಾರಿಗೆ ಅಡ್ಡಿಯಾಗಿದ್ದಳು, ಈಗ ದೇವರಿಗೂ ಅಡ್ಡಿಯಾದಳು.

ಇನ್ನೇನು ನೀರು ಬಿಡುತ್ತಾರೆ ಎಂಬ ಸುದ್ದಿ ಗಟ್ಟಿಯಾದ ವಾರವೇ ಅವಳು ತಗಡು ಬಿಚ್ಚಿದಳು. ನಾನು ಒಂದು ಕಡೆ ಹಿಡಿದೆ. ರಸ್ತೆಯ ಆಚೆ, ಹೊಸದಾಗಿ ತೋಡಿದ ಹೊಲಗಾಲುವೆಯ ದಂಡೆಗೆ, ಒಂದು ಜಾಲಿಗಿಡ ಇತ್ತು. ನೆರಳು ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಅಲ್ಲಿ ಒಲೆ ಹೂಡಿದಳು.

"ದೇವರನ್ನ ನಾ ಕುಂದ್ರಿಸಿದೆ ಮಲ್ಲಪ್ಪ," ಎಂದಳು. "ಕುಂತ ಮ್ಯಾಲ ದೇವರು ನನ್ನ ಎಬ್ಬಿಸಿದ." ಆಮೇಲೆ ರಸ್ತೆ ದಾಟಿ ವಾಪಸು ಬಂದು, ಬುಡದಲ್ಲಿದ್ದ ಉಸುಕಿನ ಡಬ್ಬಿ ಎತ್ತಿಕೊಂಡಳು. "ದೇವರು ಅವರದ ಇರ್ಲಿ. ಡಬ್ಬಿ ನಂದು."

ಗಿಡ ಉಳಿದದ್ದರಿಂದ ಲಾರಿ ತಿರುಗುವ ಜಾಗ ಮೊದಲಿನಷ್ಟೇ ಉಳಿಯಿತು. "ಈಗ ತಿರುಗಿದ್ರ ಪುಣ್ಯಾನೂ ಬರ್ತದ," ಎಂದು ಮೌಲಾಲಿ ಅಂದ. ಆದರೂ ಹೊಟ್ಟೆಪಾಡಿನವರ ಲೆಕ್ಕ ಬೇರೆ. ಎಣ್ಣೆ ಹಾಕಿಸಿದ ಲಾರಿ ಈಚೆಯಿಂದ ಈಚೆಗೇ ಹೋಗುತ್ತಿತ್ತು. ಚಾಗಾಗಿ ರಸ್ತೆ ದಾಟುವ ಪುರಸೊತ್ತು ಯಾರಿಗೆ? ಸಾಬವ್ವನ ಮಧ್ಯಾಹ್ನದ ಹಿಟ್ಟು ಸಂಜೆಗೂ ಉಳಿಯತೊಡಗಿತು. ಒಂದು ಕಣ್ಣಿಲ್ಲದ ಗಂಡನ ಔಷಧಿಯ ಸೀಸೆ ಖಾಲಿಯಾದರೂ ಅವಳ ಗಲ್ಲಾಪೆಟ್ಟಿಗೆಯ ಹತ್ತಿರ ಬಹಳ ದಿನ ನಿಂತಿತ್ತು. ನನ್ನ ಮುಂದೆ ಅತ್ತವಳಲ್ಲ. "ಇಲ್ಲಿ ಗಾಳಿ ಛಲೋ ಬರ್ತದ," ಎನ್ನುತ್ತಿದ್ದಳು. ಧೂಳು ಬರುತ್ತಿತ್ತು.

ಕಂಪನಿಯ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಸುಣ್ಣದ ಗೆರೆ ನೋಡಿ ಬಹಳ ಸಂತೋಷಪಟ್ಟರು. ಬೆಂಕಿಯ ಬಗ್ಗೆ ನಮಗೆ ಎಷ್ಟು ಎಚ್ಚರವೆಂದು ಸಾಹುಕಾರರ ಬೆನ್ನು ತಟ್ಟಿದರು. ಆಮೇಲೆ, "ಇಲ್ಲೊಂದು ಚಾ ಸಿಗ್ತಿತ್ತಲ್ಲ?" ಎಂದು ಗಿಡದ ಕಡೆ ನೋಡಿದರು. ನಾನು ರಸ್ತೆ ದಾಟಿ ಚಾ ತಂದುಕೊಟ್ಟೆ. ಆರಿತ್ತು. ಅವರು ಅರ್ಧ ಬಿಟ್ಟರು.

ಊದಿನಕಡ್ಡಿಯಾದರೂ ನಿಂತಿತೇ ಎಂದರೆ, ಇಲ್ಲ. ಹೊಸ ಡ್ರೈವರುಗಳು ಕಡ್ಡಿಯನ್ನು ಮುಚ್ಚಿಡಲು ಕಲಿತರು. ಒಂದು ದಿನ ನಾನು ಪೈಪಿನ ಮೂತಿ ಟಾಕಿಗೆ ಹಚ್ಚಬೇಕೆನ್ನುವಾಗ ಗಾಡಿಯ ಸೀಟಿನ ಕೆಳಗಿನಿಂದ ಹೊಗೆ ಏಳುವುದು ಕಂಡಿತು. ಪೈಪು ಬಿಟ್ಟವನೇ ಉಸುಕಿನ ಬಕೀಟು ಎತ್ತಿ ಬಾಗಿಲೊಳಗೆ ಸುರಿದೆ. ಡ್ರೈವರು ಸೀಟಿನ ಮೇಲೆ ಕುಳಿತು ಕಟ್ಟಿಕೊಂಡು ಬಂದ ಬುತ್ತಿ ಉಣ್ಣುತ್ತಿದ್ದ. ಅವನ ತೊಡೆಯ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಪುಂಡಿಪಲ್ಲೆ, ಪುಂಡಿಪಲ್ಲೆಯ ಮೇಲೆ ನನ್ನ ಉಸುಕು. ಅವನು ನನ್ನ ಮುಖ ನೋಡಿ, "ಅಣ್ಣಾ, ಉಪ್ಪು ಕಡಿಮಿ ಆಗಿತ್ತು, ಖರೆ. ಆದ್ರ ಇಷ್ಟು ಅಲ್ಲ," ಎಂದ. ಕಡ್ಡಿ ಸೀಟಿನ ಕೆಳಗೆ ಒಂದು ಖಾಲಿ ಡಬ್ಬಿಯಲ್ಲಿ ಕ್ಷೇಮವಾಗಿ ಉರಿಯುತ್ತಿತ್ತು. ಆ ಗಾಡಿ ಮತ್ತೆ ನಮ್ಮ ಪಂಪಿಗೆ ಬರಲಿಲ್ಲ.

ಸಾಹುಕಾರರ ದೃಷ್ಟಿ ಮಾತ್ರ ಆಗ ಮೇಲೆ ಹೋಗಿತ್ತು. ಹೈದರಾಬಾದಿಗೆ ಹೋದಾಗ ಅಲ್ಲಿನ ಪಂಪುಗಳ ಮೇಲೆ ಚಾವಣಿ ನೋಡಿ ಬಂದಿದ್ದರು. ನಮ್ಮದಕ್ಕೂ ಕಬ್ಬಿಣದ ತೊಲೆ, ತಗಡು, ಸುತ್ತ ಬಣ್ಣದ ಪಟ್ಟಿ ಬಂತು. ಮಳೆನೀರು ಹರಿದುಹೋಗಲಿ ಎಂದು ಮುಂದಿನ ಕಡೆ ಎತ್ತರ, ಹಿಂದಿನ ಕಡೆ ಸ್ವಲ್ಪ ತಗ್ಗು. ಎಲ್ಲರೂ ಹೊಗಳಿದರು. ಜೀಪಿನಲ್ಲಿ ಬಂದವರು ಹೆಚ್ಚು ಹೊಗಳಿದರು.

ಒಂದು ಮಧ್ಯಾಹ್ನ ಮೌಲಾಲಿ ಸುರಪುರದ ಕಡೆಯ ಉಪಕಾಲುವೆಗೆ ನೀರು ತಡೆಯಲು ಹಾಕುವ ಕಬ್ಬಿಣದ ಬಾಗಿಲು ಹೇರಿಕೊಂಡು ಬಂದ. ಬಾಗಿಲನ್ನು ಲಾರಿಯಲ್ಲಿ ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಬಿಗಿದಿದ್ದರು, ಅದರ ಬುಡಕ್ಕೆ ಸುತ್ತ ಸಿಮೆಂಟಿನ ಚೀಲ. ಮೊದಲಿನಂತಿದ್ದರೆ ಗಿಡದ ಹತ್ತಿರ ನಿಲ್ಲಿಸಿ, ಇಳಿದು, ಕಡ್ಡಿ ಕೊಟ್ಟು, ಮೇಲೆ ಕೆಳಗೆ ನೋಡಿ ಬರುತ್ತಿದ್ದ. ಈಗ ನಿಲ್ಲಲು ಕಾರಣವೇ ಇರಲಿಲ್ಲ. ನೆಟ್ಟಗೆ ಒಳಗೆ ಬಂದ. ಎತ್ತರದ ಕಡೆಯಿಂದ ಬಾಗಿಲು ಸಲೀಸಾಗಿ ಹೊಕ್ಕಿತು. ತಗ್ಗಿನ ಕಡೆ ತೊಲೆಗೆ ತಾಗಿ ಟಣ್ಣೆಂದಿತು.

ಹಿಂದಕ್ಕೆ ಹೋಗೋಣವೆಂದರೆ ಬೆನ್ನಿಗೆ ಎರಡು ಟ್ರ್ಯಾಕ್ಟರು, ಟ್ರಾಲಿ ಸಮೇತ. ಸಾಹುಕಾರರು ಕೊಡೆ ಹಿಡಿದು ಓಡಿ ಬಂದರು.

"ಭಾರ ಭಾಳ ಆಗ್ಯದ. ಚೀಲ ಇಳಸ್ರಿ. ಗಾಡಿ ಹಗುರಾದ್ರ ಸಲೀಸ ಹೋಗ್ತದ."

ಲಾರಿಯ ಹಮಾಲರು ಅರ್ಧದಷ್ಟು ಚೀಲ ಇಳಿಸಿದರು. ಗಾಡಿ ಹಗುರಾಯಿತು. ಹಗುರಾದ ಗಾಡಿಯ ಸ್ಪ್ರಿಂಗ್ ಪಾಟಿಗಳು ಮೈಮುರಿದು ಮೇಲೆದ್ದವು. ಗಾಡಿಯ ಜೊತೆ ಬಾಗಿಲೂ ಎದ್ದು, ತೊಲೆಯನ್ನು ಹೊತ್ತುಕೊಂಡು ನಿಂತಿತು. ತಗಡು ಕಿರ್ರೆಂದಿತು. ಈಗ ಮುಂದೂ ಇಲ್ಲ, ಹಿಂದೂ ಇಲ್ಲ.

"ಇನ್ನಷ್ಟು ಇಳಸೋಣೇನ್ರಿ?" ಎಂದ ಮೌಲಾಲಿ, ಬಹಳ ವಿನಯದಿಂದ.

ಅಷ್ಟರಲ್ಲಿ ನನಗೆ ವಾಸನೆ ಬಂತು. ಪಟದ ಮುಂದೆ ಕಡ್ಡಿ ಉರಿಯುತ್ತಲೇ ಇತ್ತು. ಇಂಥ ಹೊತ್ತಿನಲ್ಲಿ ಅದನ್ನು ನಂದಿಸೆಂದು ಮೌಲಾಲಿಗೆ ಹೇಳುವುದು ಹೇಗೆ? ತಿರುಗಿ ನೋಡಿದರೆ ಸಾಬವ್ವ ರಸ್ತೆ ದಾಟಿ ಬರುತ್ತಿದ್ದಳು, ಯಾರೂ ಕರೆಯದೆ. ಬಂದವಳೇ ಡ್ರೈವರನ ಬಾಗಿಲಿನತ್ತ ಕೈ ಎತ್ತಿದಳು. ಮೌಲಾಲಿ ಕಡ್ಡಿ ಕೊಟ್ಟ. ಅಂಗೈ ಮರೆ ಮಾಡಿಕೊಂಡು ತಿರುಗಿ ಹೋದಳು.

"ನೋಡು, ಗೆರಿ ದಾಟಿ ಬಂದಾಳ," ಎಂದರು ಸಾಹುಕಾರರು. ತಲೆಯ ಮೇಲೆ ಅವರ ಚಾವಣಿ ಕಿರುಗುಡುತ್ತಿತ್ತು.

ಸಾಬವ್ವನ ಜಾಲಿಗಿಡದ ಕೆಳಗೆ ಮಣ್ಣಿನ ಕೆಲಸ ಮುಗಿಸಿದ ಹೆಣ್ಣಾಳುಗಳ ದೊಡ್ಡ ಗುಂಪೊಂದು ಸುರಪುರದ ಕಡೆ ಹೋಗುವ ಗಾಡಿ ಕಾಯುತ್ತ ಕುಳಿತಿತ್ತು. ಚೀಲ ಇಳಿದು ಲಾರಿಯಲ್ಲಿ ಜಾಗ ಆದದ್ದು ಅವರಿಗೆ ಕಂಡಿತು. ಮೌಲಾಲಿ ಯಾವ ಕಡೆಯವನೆಂದು ಎಲ್ಲರಿಗೂ ಗೊತ್ತು. ಬುಟ್ಟಿ ಸಲಿಕೆ ಸಮೇತ ಎದ್ದು ಬಂದರು.

"ಏ, ಹತ್ತಬ್ಯಾಡ್ರಿ, ಗಾಡಿ ಸಿಕ್ಕೊಂಡದ," ಎಂದು ನಾನು ಕೂಗಿದೆ.

"ನಮ್ಮನ್ನ ಹತ್ತಿಸಬಾರದಂತ ಸುಳ್ಳ ಹೇಳಾಕತ್ತಾನ ನೋಡ," ಎಂದು ಮುಂದಿನವಳು ಹತ್ತಿದಳು. ಅವಳ ಹಿಂದೆ ಉಳಿದವರೆಲ್ಲ. ಸಾಹುಕಾರರು ಕೊಡೆ ಅಡ್ಡ ಹಿಡಿದರು. ಯಾರೋ ಅದನ್ನೇ ಆಸರೆಗೆ ಹಿಡಿದು ಮೇಲೇರಿದರು. ಕೊನೆಯವಳು ಕುಳಿತದ್ದೇ ತಡ, ಗಾಡಿ ಉಸ್ಸೆಂದು ಕೆಳಗಿಳಿಯಿತು. ಬಾಗಿಲು ತೊಲೆಯಿಂದ ಬಿಟ್ಟಿತು. ಹಿಂದಿನ ಟ್ರ್ಯಾಕ್ಟರಿನವರು ಬೇಸತ್ತು ಆಗಲೇ ಹೋಗಿದ್ದರು. ಮೌಲಾಲಿ ಒಂದು ಕ್ಷಣ ತಡಮಾಡದೆ ಗಾಡಿಯನ್ನು ಹಿಂದಕ್ಕೆ ತೆಗೆದ.

"ಏ ಮೌಲಾಲಿ, ಸುರಪುರ ಮುಂದದೋ, ಹಿಂದ ಯಾಕ ಹೊಂಟಿ?" ಎಂದು ಮೇಲಿನಿಂದ ಬೈಗುಳ.

ಹೊರಗೆ ನಿಲ್ಲಿಸಿ ಚೀಲಗಳನ್ನು ಮತ್ತೆ ಹೇರಿದರು. ಹೆಂಗಸರು ಇಳಿಯಲಿಲ್ಲ, ಚೀಲದ ಮೇಲೇ ಕುಳಿತು ಊರು ಸೇರಿದರು. ಆ ಸಂಜೆಯಿಂದ ಸಾಹುಕಾರರು ಈ ಕತೆಯನ್ನು ಎಲ್ಲರಿಗೂ ಹೇಳಿದರು. ಅವರ ಕತೆಯಲ್ಲಿ ಹೆಣ್ಣಾಳುಗಳನ್ನು ಕರೆದು ಹತ್ತಿಸಿದವರು ಅವರೇ. ನಾನೂ ಹೂಂಗುಟ್ಟಿದೆ. ಧಣಿ ಬುದ್ಧಿವಂತನಾದರೆ ಆಳಿಗೆ ನಷ್ಟವೇನು?

ಆದರೆ ಸಾಬವ್ವ ಕಡ್ಡಿಗಾಗಿ ದಾಟಿ ಬಂದ ಸಂಗತಿಯನ್ನು ಮಾತ್ರ ಅವರು ಯಾರಿಗೂ ಹೇಳಲಿಲ್ಲ. ನಾನು ಅದನ್ನು ಗಮನಿಸಿದೆ.

ಕೊನೆಗೂ ನೀರು ಬಂತು. ಸಾಬವ್ವನ ಬೆನ್ನ ಹಿಂದಿನ ಹೊಲಗಾಲುವೆಯಲ್ಲಿ ಮೊದಲು ಕಸ, ಆಮೇಲೆ ನೊರೆ, ಆಮೇಲೆ ಕೆಂಪು ನೀರು. ಜೋಳ ಬಿತ್ತುತ್ತಿದ್ದ ಕರಿನೆಲದಲ್ಲಿ ಭತ್ತ ನೆಟ್ಟರು. ಭತ್ತ ಒಯ್ಯಲು ಇನ್ನೂ ದೊಡ್ಡ ಲಾರಿಗಳು ಬಂದವು, ನಮ್ಮ ಚಾವಣಿಯನ್ನು ದೂರದಿಂದ ನೋಡಿ ಮುಂದೆ ಹೋದವು. ಪರರ ಲಾರಿ ಬರದಿದ್ದರೆ ತಮ್ಮದೇ ಇರಲಿ ಎಂದು ಸಾಹುಕಾರರು ಒಂದು ಹೊಸ ಲಾರಿ ತಂದರು. ಓಡಿಸಲು ಮೌಲಾಲಿಯನ್ನೇ ಒಪ್ಪಿಸಿದರು.

ಪೂಜೆ ಪಂಪಿನ ಮುಂದೆಯೇ ಆಯಿತು. ಸ್ವಾಮಿಗಳು ಬಂದು ಮಂತ್ರ ಹೇಳಿ, ಪಟದ ಮುಂದೆ ಒಂದು ಹಿಡಿ ಊದಿನಕಡ್ಡಿ ಹಚ್ಚಿದರು. "ಮೊದಲನೇ ಪ್ರಯಾಣ. ಇದು ನಂದಬಾರದು," ಎಂದು ಹೇಳಿ ಹೊರಟರು. ಮೌಲಾಲಿ ಗಾಡಿ ಚಾಲೂ ಮಾಡಿ ಎಣ್ಣೆಯ ಮುಳ್ಳು ನೋಡಿದ. ಹೊಸ ಗಾಡಿಗಳಿಗೆ ಊರು ಮುಟ್ಟುವಷ್ಟೇ ಎಣ್ಣೆ ಹಾಕಿ ಕಳಿಸುತ್ತಾರೆ. ಟಾಕಿ ಬರಿದಾಗಿತ್ತು.

"ಮಲ್ಲಪ್ಪ, ಹಾಕು," ಎಂದರು ಸಾಹುಕಾರರು.

ನಾನು ಪೈಪು ಹಿಡಿದು ನಿಂತೆ. "ಕಡ್ಡಿ ಉರಿಯಾಕತ್ತದ್ರಿ."

ಅವರು ಗೋಡೆ ನೋಡಿದರು. ಆಳೆತ್ತರದ ಅಕ್ಷರ ಅಲ್ಲೇ ಇತ್ತು. ಪಟ ನೋಡಿದರು. ಮೌಲಾಲಿ ಆಕಾಶ ನೋಡುತ್ತಿದ್ದ. ನೆರೆದ ಜನ ಸಾಹುಕಾರರನ್ನೇ ನೋಡುತ್ತಿದ್ದರು.

ಸಾಹುಕಾರರು ಚಪ್ಪಲಿ ಬಿಟ್ಟರು. ಗಾಡಿ ಹತ್ತಿ ಆ ಹಿಡಿ ಕಡ್ಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಇಳಿದು, ಸುಣ್ಣದ ಗೆರೆ ದಾಟಿ, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದರು. ನಾನು ಹಿಂದೆ ಹೋದೆ.

"ಸಾಬವ್ವ, ಇದನ್ನ ಸ್ವಲ್ಪ ಇಟ್ಕೋ."

ಸಾಬವ್ವ ಭಜಿ ತಿರುವುತ್ತಿದ್ದಳು. "ಗಿಡದ ಬುಡಕ್ಕ ಇಡ್ರಿ ಸಾವ್ಕಾರ್ರ. ದೇವರು ಅಲ್ಲೇ ಅದಾನಲ್ರಿ."

"ದೇವರು ಅದಾನ. ಕಾಯೋರು ಯಾರು?"

ಅವಳು ಜಾಲರಿ ಕೆಳಗಿಟ್ಟಳು. ಡಬ್ಬಿಯನ್ನು ಮುಂದೆ ಸರಿಸಿದಳು. ಸಾಹುಕಾರರು ಕಡ್ಡಿಗಳನ್ನು ಒಂದೊಂದಾಗಿ ಉಸುಕಿನಲ್ಲಿ ಚುಚ್ಚಿದರು. ಬೂದಿ ಬೆರಳಿನ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ.

"ನಾಳಿಂದ ಗಿಡದ ಕೆಳಗ ಬಂದು ಕುಂದ್ರು."

"ಹೆಂಗ ಬರ್ಲಿ? ಗೆರಿ ಅದ."

ಸಾಹುಕಾರರು ನನ್ನ ಕಡೆ ತಿರುಗಿದರು. "ಮಲ್ಲಪ್ಪ, ಇನ್ನ ಮ್ಯಾಲ ಗೆರಿ ಗಿಡದ ಆ ಕಡೆ ಎಳಿ. ಮಿಶನ್ನಿನ ಹತ್ರ. ಅದನ್ನ ತೊಳಿ."

"ಯಾವಾಗ್ರಿ?"

"ಈಗ."

ಪಂಪಿನಲ್ಲಿದ್ದ ಬಕೀಟುಗಳಲ್ಲೆಲ್ಲ ಉಸುಕು ತುಂಬಿತ್ತು. ಸಾಬವ್ವ ತನ್ನ ಬಕೀಟು ಕೊಟ್ಟಳು. ಅವಳ ಹಿಂದಿನ ಕಾಲುವೆಗೆ ಇಳಿದು ನೀರು ತುಂಬಿಕೊಂಡು, ರಸ್ತೆ ದಾಟಿ, ಗೆರೆಯ ಮೇಲೆ ಸುರಿದೆ. ಬಹಳ ಸಲ ಹಚ್ಚಿದ ಸುಣ್ಣ, ಒಂದಕ್ಕೆ ಹೋಗಲಿಲ್ಲ. ಇನ್ನೊಂದು ಬಕೀಟು ತಂದೆ.